ಎರಡೇ ಎಂಜಿನ್‌ಗಳ ಭರವಸೆಯಲ್ಲಿ ಸಾಗರದಾಚೆಗೆ

(ಮೈಸೂರಿನಲ್ಲಿ ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ತಕ್ಕಂತೆ ತಿದ್ದಿ ಬರೆದ ರೂಪ)

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಈ ಊರಿನ ಸರಸ್ವತಿಪುರಂ, ಕುವೆಂಪುನಗರದಂತಹ ಬಡಾವಣೆಗಳಲ್ಲಿ, ಹಾಗೆಯೇ ಪಕ್ಕದ ಮಂಡ್ಯದಲ್ಲಿ, ಮಕ್ಕಳು ಅಮೆರಿಕದಲ್ಲೋ ಯೂರೋಪಿನಲ್ಲೋ ನೆಲೆಸಿರುವ ಮನೆಗಳು ಬಹಳ ಇವೆ. ಅವರನ್ನು ನೋಡಲು ಹೊರಡುವ ತಂದೆತಾಯಿಗಳು ಇಲ್ಲಿಂದ ಫ್ಲೈಬಸ್ ಹತ್ತಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ಅಂತಹ ಹಿರಿಯರು, ನಾನು ವಿಮಾನಗಳ ನಿರ್ವಹಣೆಯ ಕೆಲಸದಲ್ಲಿ ಇದ್ದವನೆಂದು ತಿಳಿದ ಕೂಡಲೇ, ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ‘ಅಷ್ಟು ದೊಡ್ಡ ವಿಮಾನಕ್ಕೆ ಎರಡೇ ಎಂಜಿನ್ನೇ? ಸಮುದ್ರದ ನಡುವೆ ಒಂದು ಕೆಟ್ಟು ನಿಂತರೆ ಗತಿಯೇನು?’ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಮಾನಯಾನದ ನಿಯಂತ್ರಕರು ಮೂರು ದಶಕಗಳಿಗೂ ಹೆಚ್ಚು ಕಾಲ ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎರಡು ಎಂಜಿನ್‌ನ ವಿಮಾನಗಳನ್ನು ದಡದ ಹತ್ತಿರವೇ ಕಟ್ಟಿಹಾಕಿದ್ದರು. ಆ ಕಟ್ಟು ಹೇಗೆ ಸಡಿಲವಾಯಿತು, ಯಾವ ಷರತ್ತುಗಳ ಮೇಲೆ ಸಡಿಲವಾಯಿತು ಎಂಬುದೇ ಇಂದಿನ ನನ್ನ ವಿಷಯ. ಉದಾಹರಣೆಗೆ ಹೆಚ್ಚಾಗಿ ಬೋಯಿಂಗ್ 777 ವಿಮಾನವನ್ನು ತೆಗೆದುಕೊಳ್ಳುತ್ತೇನೆ. ಒಳಗೆ ಎರಡು ನಡುದಾರಿಗಳಿರುವ, ವೈಡ್‌ಬಾಡಿ ಎಂದು ಕರೆಯುವ ವಿಮಾನಗಳಲ್ಲಿ ಈ ಕಥೆಯ ತಿರುವು ಅದರಿಂದಲೇ ಬಂದಿತು.

1953ರಲ್ಲಿ ಅಮೆರಿಕದಲ್ಲಿ ಒಂದು ನಿಯಮ ಜಾರಿಗೆ ಬಂದಿತು. ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನವು ತನ್ನ ದಾರಿಯ ಯಾವುದೇ ಬಿಂದುವಿನಲ್ಲಿದ್ದರೂ, ಒಂದೇ ಎಂಜಿನ್‌ನ ಬಲದಿಂದ 60 ನಿಮಿಷಗಳೊಳಗೆ ತಲುಪಬಹುದಾದ ವಿಮಾನ ನಿಲ್ದಾಣವೊಂದು ಇರಲೇಬೇಕು ಎಂಬುದು ಅದರ ತಾತ್ಪರ್ಯ. ಅಂದಿನವು ಪಿಸ್ಟನ್ ಎಂಜಿನ್‌ಗಳು. ಹಾರಾಟದ ನಡುವೆ ಅವುಗಳಲ್ಲೊಂದು ಕೈಕೊಡುವುದು ಪೈಲಟ್‌ಗಳಿಗೆ ಅಪರೂಪದ ಅನುಭವವೇನೂ ಆಗಿರಲಿಲ್ಲ. ಆದ್ದರಿಂದ ಆ ಕಾಲಕ್ಕೆ ಅದು ವಿವೇಕದ ನಿಯಮವೇ. ಆದರೆ ಜೆಟ್ ಎಂಜಿನ್‌ಗಳು ಬಂದು, ಅವುಗಳ ವಿಶ್ವಾಸಾರ್ಹತೆ ಪಿಸ್ಟನ್ ಎಂಜಿನ್‌ಗಳನ್ನು ಎಷ್ಟೋ ಪಟ್ಟು ಮೀರಿದ ಮೇಲೂ ನಿಯಮ ಹಾಗೆಯೇ ಉಳಿಯಿತು. ಅದರ ಫಲವಾಗಿ ಸಾಗರ ದಾಟುವ ಕೆಲಸವೆಲ್ಲ ನಾಲ್ಕು ಎಂಜಿನ್‌ಗಳ ಬೋಯಿಂಗ್ 747ಕ್ಕೂ, ಮೂರು ಎಂಜಿನ್‌ಗಳ ಡಿಸಿ-10 ಮತ್ತು ಲಾಕ್‌ಹೀಡ್ ಟ್ರೈಸ್ಟಾರ್‌ಗಳಿಗೂ ಹೋಯಿತು. ಎರಡು ಎಂಜಿನ್‌ಗಳ ಮೊದಲ ವೈಡ್‌ಬಾಡಿ ವಿಮಾನವಾದ ಏರ್‌ಬಸ್ ಎ300, 1972ರ ಅಕ್ಟೋಬರ್‌ನಲ್ಲಿ ಮೊದಲು ಹಾರಿ, 1974ರಲ್ಲಿ ಏರ್ ಫ್ರಾನ್ಸ್‌ನಲ್ಲಿ ಸೇವೆಗೆ ಸೇರಿತು. 1976ರಿಂದ ನಮ್ಮ ಇಂಡಿಯನ್ ಏರ್‌ಲೈನ್ಸ್ ಕೂಡ ಅದನ್ನು ಓಡಿಸಿತು. ಈ ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರು ಅದರಲ್ಲಿ ಕುಳಿತು ಪ್ರಯಾಣಿಸಿರಲೂಬಹುದು. ವಿಮಾನ ಚೆನ್ನಾಗಿತ್ತು, ಇಂಧನ ಉಳಿಸುತ್ತಿತ್ತು, ಆದರೆ ವಿಶಾಲ ಸಾಗರದ ಮೇಲಿನ ನೇರ ದಾರಿಗಳು ಅದಕ್ಕೆ ತೆರೆದಿರಲಿಲ್ಲ.

ಬಾಗಿಲು ತೆರೆದದ್ದು 1985ರಲ್ಲಿ. ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ನಿಗದಿತ ಷರತ್ತುಗಳನ್ನು ಪೂರೈಸುವ ಸಂಸ್ಥೆಗಳಿಗೆ 60 ನಿಮಿಷದ ಬದಲು 120 ನಿಮಿಷಗಳವರೆಗೆ ಅನುಮತಿ ನೀಡುವ ವ್ಯವಸ್ಥೆಯನ್ನು ಪ್ರಕಟಿಸಿತು. ಇದನ್ನೇ ಈ ವೃತ್ತಿಯಲ್ಲಿರುವವರೆಲ್ಲ ಇಟಾಪ್ಸ್ ಎಂದು ಕರೆಯುವುದು. ಟಿಡಬ್ಲ್ಯೂಎ ಸಂಸ್ಥೆಯ ಬೋಯಿಂಗ್ 767 ವಿಮಾನಗಳು ಅದೇ ವರ್ಷ ಅಟ್ಲಾಂಟಿಕ್ ದಾಟತೊಡಗಿದವು. 1988ರಲ್ಲಿ ಮಿತಿ 180 ನಿಮಿಷಗಳಿಗೆ ಏರಿತು. ಭೂಪಟದ ಮೇಲೆ ಪ್ರತಿಯೊಂದು ಯೋಗ್ಯ ನಿಲ್ದಾಣವನ್ನೂ ಕೇಂದ್ರವಾಗಿಟ್ಟುಕೊಂಡು, ಒಂದೇ ಎಂಜಿನ್‌ನ ವೇಗದಲ್ಲಿ 180 ನಿಮಿಷ ಹಾರಬಹುದಾದ ದೂರವನ್ನು ತ್ರಿಜ್ಯವಾಗಿ ಹಿಡಿದು ವೃತ್ತ ಎಳೆದರೆ, ಉತ್ತರ ಅಟ್ಲಾಂಟಿಕ್ ಪೂರ್ತಿಯಾಗಿ, ಪೆಸಿಫಿಕ್ ಬಹುಪಾಲು ಆ ವೃತ್ತಗಳೊಳಗೆ ಬಂದುಬಿಡುತ್ತದೆ. 60 ನಿಮಿಷದ ವೃತ್ತಗಳನ್ನು ಎಳೆದು ನೋಡಿದರೆ ಸಾಗರಗಳ ನಡುಭಾಗವೆಲ್ಲ ಖಾಲಿ ಉಳಿಯುತ್ತದೆ. ವಿದ್ಯಾರ್ಥಿಗಳು ಮನೆಯಲ್ಲಿ ಒಂದು ಗೋಳ ಮತ್ತು ಕೈವಾರ ಇಟ್ಟುಕೊಂಡು ಇದನ್ನು ಮಾಡಿ ನೋಡಬೇಕೆಂದು ನನ್ನ ಕೋರಿಕೆ.

ಈಗ 777ಕ್ಕೆ ಬರೋಣ. 1990ರ ಅಕ್ಟೋಬರ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ 34 ವಿಮಾನಗಳಿಗೆ ಆದೇಶ ಕೊಟ್ಟಾಗ ಈ ಯೋಜನೆ ಅಧಿಕೃತವಾಗಿ ಆರಂಭವಾಯಿತು. ಕಾಗದದ ನಕ್ಷೆಗಳ ಬದಲು ಇಡೀ ವಿಮಾನವನ್ನು ಕಂಪ್ಯೂಟರ್‌ನಲ್ಲೇ ವಿನ್ಯಾಸ ಮಾಡಿದ ಮೊದಲ ಪ್ರಯಾಣಿಕ ಜೆಟ್ ಇದು. 1994ರ ಜೂನ್ 12ರಂದು ಮೊದಲ ಹಾರಾಟ, 1995ರ ಜೂನ್ 7ರಂದು ಲಂಡನ್‌ನಿಂದ ವಾಷಿಂಗ್ಟನ್‌ಗೆ ಮೊದಲ ಪ್ರಯಾಣಿಕ ಸೇವೆ. ಈ ಎರಡನೆಯ ದಿನಾಂಕದ ಹಿಂದೆ ಒಂದು ದಿಟ್ಟತನವಿದೆ. ಅದುವರೆಗೆ ಯಾವುದೇ ವಿಮಾನವು ಕೆಲವು ವರ್ಷ ನೆಲದ ಸಮೀಪದ ದಾರಿಗಳಲ್ಲಿ ಓಡಿ, ಅದರ ಎಂಜಿನ್‌ಗಳ ನಡತೆಯನ್ನು ಕಂಡುಕೊಂಡ ಮೇಲೆಯೇ ಸಾಗರದ ಅನುಮತಿ ಸಿಗುತ್ತಿತ್ತು. 777ಕ್ಕೆ 180 ನಿಮಿಷಗಳ ಅನುಮತಿ ಸಿಕ್ಕಿದ್ದು 1995ರ ಮೇ 30ರಂದು, ಅಂದರೆ ಮೊದಲ ಪ್ರಯಾಣಿಕ ಅದರೊಳಗೆ ಕಾಲಿಡುವ ಮುನ್ನವೇ. ಸೇವೆಯ ವರ್ಷಗಳಲ್ಲಿ ಬಯಲಾಗಬೇಕಾದ ದೋಷಗಳನ್ನು ಪರೀಕ್ಷೆಯಲ್ಲಿಯೇ ಬಯಲಿಗೆಳೆಯಬೇಕೆಂದು ಎಂಜಿನ್ ಅನ್ನು ನೆಲದ ಮೇಲೆ 3,000 ಆವರ್ತಗಳಷ್ಟು, ವಿಮಾನವನ್ನು 1,000 ಆವರ್ತಗಳಷ್ಟು ನಡೆಸಿ ನೋಡುವ ಕಾರ್ಯಕ್ರಮ ಹಾಕಿಕೊಳ್ಳಲಾಗಿತ್ತು. ಆವರ್ತವೆಂದರೆ ಒಂದು ಸಲ ಚಾಲೂ ಮಾಡಿ, ಟೇಕಾಫ್ ಬಲಕ್ಕೆ ಏರಿಸಿ, ಇಳಿಸಿ, ನಿಲ್ಲಿಸುವುದು. ಎಂಜಿನ್ ಸವೆಯುವುದು ಗಂಟೆಗಳಿಗಿಂತ ಹೆಚ್ಚಾಗಿ ಈ ಏರಿಳಿತಗಳಿಂದ.

ಅದೇ ವರ್ಷದ ಜನವರಿ 14ರಂದು ಬೋಯಿಂಗ್ ಕಾರ್ಖಾನೆಯಲ್ಲಿ ನಡೆದ ರೆಕ್ಕೆಯ ಪರೀಕ್ಷೆಯನ್ನೂ ಹೇಳಬೇಕು. ಹಾರಲಿಕ್ಕಲ್ಲ, ಮುರಿಯಲಿಕ್ಕೆಂದೇ ಕಟ್ಟಿದ ಒಂದು ಪೂರ್ಣ ವಿಮಾನದ ರೆಕ್ಕೆಗಳನ್ನು ಉಕ್ಕಿನ ಹಗ್ಗಗಳಿಂದ ಮೇಲಕ್ಕೆ ಎಳೆಯುತ್ತ ಹೋದರು. ಸೇವೆಯಲ್ಲಿ ಎದುರಾಗಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ರೆಕ್ಕೆ ತಾಳಬೇಕೆಂಬುದು ನಿಯಮ. ರೆಕ್ಕೆಯ ತುದಿ ಏಳು ಮೀಟರಿಗೂ ಹೆಚ್ಚು ಮೇಲಕ್ಕೆ ಬಾಗಿತು. ನೂರೈವತ್ತನ್ನು ದಾಟಿ ಶೇಕಡಾ 154ರಲ್ಲಿ ಎರಡೂ ರೆಕ್ಕೆಗಳು ಮುರಿದವು. ಲೆಕ್ಕ ಹಾಕಿದ ಜಾಗಕ್ಕೆ ಅಷ್ಟು ಸಮೀಪದಲ್ಲಿ ಮುರಿಯುವುದೇ ಉತ್ತಮ ವಿನ್ಯಾಸದ ಗುರುತು. ಇನ್ನೂ ಬಹಳ ಮೇಲೆ ಮುರಿದಿದ್ದರೆ, ಅನಗತ್ಯ ತೂಕವನ್ನು ಆಯುಷ್ಯವಿಡೀ ಹೊತ್ತು ತಿರುಗುವ ವಿಮಾನವನ್ನು ಕಟ್ಟಿದಂತಾಗುತ್ತಿತ್ತು.

ದೂರದ ದಾರಿಗಳಲ್ಲಿ ಇಂದು ಹೆಚ್ಚಾಗಿ ಕಾಣುವ ರೂಪ 777-300ಇಆರ್. ಉದ್ದ ಸುಮಾರು 74 ಮೀಟರ್, ರೆಕ್ಕೆಗಳ ಹರವು ಸುಮಾರು 65 ಮೀಟರ್, ಟೇಕಾಫ್ ವೇಳೆಯ ಗರಿಷ್ಠ ತೂಕ 351 ಟನ್. ಅದು ಹೊರುವ ಇಂಧನ 1,81,000 ಲೀಟರಿಗೂ ತುಸು ಹೆಚ್ಚು. ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಿಗೆ ನೀರು ತರುವ ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್‌ಗಳ ಲೆಕ್ಕದಲ್ಲಿ ಹದಿನೈದು ಟ್ಯಾಂಕರ್. ಇದನ್ನೆಲ್ಲ ಎತ್ತುವುದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಿಇ90-115ಬಿ ಎಂಬ ಎರಡು ಎಂಜಿನ್‌ಗಳು. ಒಂದೊಂದರ ನೂಕುಬಲ 1,15,300 ಪೌಂಡ್, ಅಂದರೆ ಸುಮಾರು 52 ಟನ್. ಮುಂದಿನ ಫ್ಯಾನ್‌ನ ವ್ಯಾಸ 3.25 ಮೀಟರ್, ಅದರ 22 ಬ್ಲೇಡ್‌ಗಳು ಲೋಹದವಲ್ಲ, ಇಂಗಾಲದ ನಾರಿನ ಸಂಯುಕ್ತ ವಸ್ತುವಿನವು, ಅಂಚಿಗೆ ಮಾತ್ರ ಲೋಹದ ಕವಚ. ಪರೀಕ್ಷಾ ಕಟ್ಟೆಯ ಮೇಲೆ 2002ರಲ್ಲಿ ಈ ಎಂಜಿನ್ 1,27,900 ಪೌಂಡ್ ಬಲ ತೋರಿಸಿ ದಾಖಲೆ ಮಾಡಿತ್ತು.

ಇಷ್ಟು ದೈತ್ಯ ಎಂಜಿನ್ ಏಕೆ ಬೇಕು? ಹಿರಿಯರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ರನ್‌ವೇ ಮೇಲೆ ಓಡುವಾಗ ವಿಮಾನ ಒಂದು ನಿರ್ದಿಷ್ಟ ವೇಗವನ್ನು ದಾಟಿದ ಮೇಲೆ ನಿಲ್ಲಿಸುವ ಮಾತಿಲ್ಲ, ಏಕೆಂದರೆ ಉಳಿದ ರನ್‌ವೇಯಲ್ಲಿ ಅದು ನಿಲ್ಲಲಾರದು. ಆ ವೇಗವನ್ನು ಪ್ರತಿ ಹಾರಾಟಕ್ಕೂ ತೂಕ, ಗಾಳಿ, ಉಷ್ಣಾಂಶಗಳನ್ನು ನೋಡಿ ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಅದನ್ನು ದಾಟಿದ ಮರುಕ್ಷಣವೇ ಒಂದು ಎಂಜಿನ್ ನಿಂತರೂ ವಿಮಾನ ಮೇಲೇರಲೇಬೇಕು, ಚಕ್ರಗಳನ್ನು ಮಡಚಿದ ಮೇಲೆ ಕನಿಷ್ಠ ಶೇಕಡಾ 2.4ರ ಏರುಮುಖದಲ್ಲಿ ಏರುತ್ತಲೇ ಇರಬೇಕು. ನಾಲ್ಕು ಎಂಜಿನ್‌ಗಳ ವಿಮಾನದಲ್ಲಿ ಒಂದು ನಿಂತರೆ ಕಾಲು ಭಾಗ ಬಲ ಹೋಗುತ್ತದೆ. ಎರಡು ಎಂಜಿನ್‌ಗಳದ್ದರಲ್ಲಿ ಅರ್ಧಕ್ಕರ್ಧ ಹೋಗುತ್ತದೆ. ಆದ್ದರಿಂದ ಎರಡು ಎಂಜಿನ್‌ಗಳ ವಿಮಾನದಲ್ಲಿ ಪ್ರತಿಯೊಂದು ಎಂಜಿನ್ನೂ ಒಂಟಿಯಾಗಿಯೇ ಇಡೀ ವಿಮಾನವನ್ನು ಎತ್ತಬಲ್ಲಷ್ಟು ದೊಡ್ಡದಿರಲೇಬೇಕು. ಎರಡೂ ಸರಿಯಾಗಿರುವ ಸಾಮಾನ್ಯ ದಿನಗಳಲ್ಲಿ ಇಂತಹ ವಿಮಾನ ಕಡಿದಾಗಿ ಮೇಲೇರುವುದನ್ನು ನೀವು ಗಮನಿಸಿರಬಹುದು. ಅದು ಪೈಲಟ್‌ನ ಉತ್ಸಾಹವಲ್ಲ, ಕೆಟ್ಟ ದಿನಕ್ಕೆಂದು ಕೂಡಿಟ್ಟ ಬಲ.

ಒಂದು ಬದಿಯ ಎಂಜಿನ್ ನಿಂತಾಗ ಇನ್ನೊಂದು ಬದಿಯ ಬಲವು ವಿಮಾನವನ್ನು ಓರೆಯಾಗಿ ತಿರುಗಿಸಲು ನೋಡುತ್ತದೆ. 777ರಲ್ಲಿ ಎರಡೂ ಎಂಜಿನ್‌ಗಳ ಬಲದ ವ್ಯತ್ಯಾಸವನ್ನು ಅಳೆದು, ಬಾಲದ ಚುಕ್ಕಾಣಿಯನ್ನು ತಾನಾಗಿಯೇ ಬೇಕಾದಷ್ಟು ತಿರುಗಿಸುವ ವ್ಯವಸ್ಥೆಯಿದೆ. ನಮ್ಮ ಮಂಡಕಳ್ಳಿ ನಿಲ್ದಾಣಕ್ಕೆ ಇಂತಹ ವಿಮಾನ ಬರುತ್ತದೆಯೇ ಎಂದು ಒಬ್ಬ ವಿದ್ಯಾರ್ಥಿ ಚೀಟಿ ಕಳಿಸಿದ್ದಾನೆ. ಅಲ್ಲಿನ ರನ್‌ವೇ 1,740 ಮೀಟರ್. ಎಟಿಆರ್ ಎಂಬ ಸಣ್ಣ ವಿಮಾನಕ್ಕೆ ಅದು ಧಾರಾಳ ಸಾಕು, ಭರ್ತಿ ತೂಕದ 777ಕ್ಕೆ ಮೂರು ಸಾವಿರ ಮೀಟರಿನ ಆಸುಪಾಸು ಬೇಕು. ಬೆಂಗಳೂರಿನ ರನ್‌ವೇಗಳು ನಾಲ್ಕು ಸಾವಿರ ಮೀಟರ್ ಇರುವುದರಿಂದಲೇ ದೂರದ ವಿಮಾನ ಹಿಡಿಯಲು ನಾವು ಅಲ್ಲಿಗೆ ಹೋಗಬೇಕಾಗಿದೆ.

ಎರಡನೆಯ ಉತ್ತರ ಲೆಕ್ಕದಲ್ಲಿದೆ. 120 ನಿಮಿಷಗಳ ಅನುಮತಿ ಬೇಕಾದರೆ, ಆ ಬಗೆಯ ಎಲ್ಲ ಎಂಜಿನ್‌ಗಳ ಒಟ್ಟು ಸಾವಿರ ಗಂಟೆಗಳಿಗೆ ಹಾರಾಟದಲ್ಲಿ ನಿಂತ ಪ್ರಸಂಗ 0.05ಕ್ಕಿಂತ ಹೆಚ್ಚಿರಬಾರದು. 180 ನಿಮಿಷಕ್ಕೆ 0.02, ಅದಕ್ಕೂ ಮೀರಿದ ಅನುಮತಿಗೆ 0.01, ಅಂದರೆ ಒಂದು ಲಕ್ಷ ಗಂಟೆಗೆ ಒಂದು ಸಲ. ಈ ಕೊನೆಯ ದರವನ್ನೇ ಹಿಡಿದು ನೋಡೋಣ. ಹದಿನೈದು ಗಂಟೆಯ ಪ್ರಯಾಣದಲ್ಲಿ ಎರಡರಲ್ಲಿ ಯಾವುದಾದರೂ ಒಂದು ಎಂಜಿನ್ ನಿಲ್ಲುವ ಸಂಭವ ಲಕ್ಷಕ್ಕೆ ಮೂವತ್ತು. ಅದು ನಿಂತ ಮೇಲೆ ಹತ್ತಿರದ ನಿಲ್ದಾಣ ತಲುಪಲು ಮೂರು ಗಂಟೆ ಬೇಕೆಂದುಕೊಂಡರೆ, ಆ ಮೂರು ಗಂಟೆಯೊಳಗೆ ಇನ್ನೊಂದೂ ನಿಲ್ಲುವ ಸಂಭವ ಲಕ್ಷಕ್ಕೆ ಮೂರು. ಎರಡನ್ನೂ ಗುಣಿಸಿದರೆ ಸುಮಾರು ಹನ್ನೊಂದು ಕೋಟಿ ಪ್ರಯಾಣಗಳಿಗೆ ಒಂದು. ನಿಯಮವು ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ನಿಮಿಷಗಳಲ್ಲಿ ಏಕೆ ಅಳೆಯುತ್ತದೆ ಎಂಬುದು ಈ ಗುಣಾಕಾರದಿಂದ ಸ್ಪಷ್ಟವಾಗುತ್ತದೆ: ಒಂಟಿ ಎಂಜಿನ್ ಎಷ್ಟು ಹೊತ್ತು ದುಡಿಯಬೇಕು ಎಂಬುದರ ಮೇಲೆಯೇ ಅಪಾಯ ನಿಂತಿದೆ. 2003ರಲ್ಲಿ ಆಕ್ಲೆಂಡ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಯುನೈಟೆಡ್‌ನ 777 ಪೆಸಿಫಿಕ್ ನಡುವೆ ಒಂದು ಎಂಜಿನ್ ನಿಲ್ಲಿಸಬೇಕಾಗಿ ಬಂದು, ಸುಮಾರು ಮೂರು ಗಂಟೆ ಒಂದೇ ಎಂಜಿನ್‌ನಲ್ಲಿ ಹಾರಿ ಹವಾಯಿಯ ಕೋನಾದಲ್ಲಿ ಸುರಕ್ಷಿತವಾಗಿ ಇಳಿಯಿತು.

ಆದರೆ ಸಭಿಕರು ಈ ಲೆಕ್ಕವನ್ನು ಪೂರ್ತಿ ನಂಬಬಾರದು. ಸಂಭವಗಳನ್ನು ಗುಣಿಸುವುದು ಸರಿಯಾಗುವುದು ಒಂದು ಎಂಜಿನ್ ಕೆಟ್ಟದ್ದಕ್ಕೂ ಇನ್ನೊಂದು ಕೆಟ್ಟದ್ದಕ್ಕೂ ಏನೂ ಸಂಬಂಧವಿಲ್ಲದಾಗ ಮಾತ್ರ. ಒಂದೇ ಕಾರಣ ಎರಡಕ್ಕೂ ತಗುಲಿದರೆ ಹನ್ನೊಂದು ಕೋಟಿಯೆಂಬ ಸಂಖ್ಯೆ ಅರ್ಥ ಕಳೆದುಕೊಳ್ಳುತ್ತದೆ. ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಎಷ್ಟು ಎಂಜಿನ್‌ಗಳಿವೆ ಎಂಬುದಕ್ಕಿಂತ, ಅವು ಒಂದರಿಂದ ಇನ್ನೊಂದು ಎಷ್ಟು ಬಿಡಿಯಾಗಿವೆ ಎಂಬುದು ಹೆಚ್ಚು ಮುಖ್ಯ. ಮತ್ತು ಆ ಬಿಡಿತನವನ್ನು ಕಾರ್ಖಾನೆ ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ, ಹ್ಯಾಂಗರಿನಲ್ಲಿ ಪ್ರತಿ ರಾತ್ರಿ ಅದನ್ನು ಕಾಯಬೇಕು.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಮೂರು ಎಂಜಿನ್‌ಗಳ ಒಂದು ವಿಮಾನದಿಂದ ಬರುತ್ತದೆ. 1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್‌ನ 855ನೇ ಸಂಖ್ಯೆಯ ಟ್ರೈಸ್ಟಾರ್, 172 ಜನರೊಂದಿಗೆ ಮಯಾಮಿಯಿಂದ ಬಹಾಮಾಸ್‌ನ ನಸ್ಸೌಗೆ ಹೊರಟಿತು. ಜೆಟ್ ಎಂಜಿನ್‌ನ ಆಯಿಲ್ ಹರಿಯುವ ದಾರಿಯಲ್ಲಿ ಚಿಪ್ ಡಿಟೆಕ್ಟರ್ ಎಂಬ, ಬೆರಳುದ್ದದ, ತುದಿಯಲ್ಲಿ ಅಯಸ್ಕಾಂತವಿರುವ ಒಂದು ಬಿಡಿಭಾಗ ಇರುತ್ತದೆ. ಒಳಗಿನ ಬೇರಿಂಗ್ ಸವೆಯುತ್ತಿದ್ದರೆ ಅದರ ಲೋಹದ ಚೂರುಗಳು ಆಯಿಲ್‌ನೊಂದಿಗೆ ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಅದನ್ನು ಬಿಚ್ಚಿ ನೋಡಿದರೆ ಎಂಜಿನ್‌ನ ಆರೋಗ್ಯ ತಿಳಿಯುತ್ತದೆ. ಹಿಂದಿನ ರಾತ್ರಿಯ ಪಾಳಿಯಲ್ಲಿ ಮೂರೂ ಎಂಜಿನ್‌ಗಳಿಂದ ಅದನ್ನು ತೆಗೆದು ಹೊಸದನ್ನು ಹಾಕಿದರು. ಹೊಸದಕ್ಕೆ ಇರಬೇಕಾಗಿದ್ದ ಓ-ರಿಂಗ್ ಎಂಬ ರಬ್ಬರ್ ಬಳೆಗಳು ಇರಲಿಲ್ಲ. ಕೆಲಸ ಮಾಡಿದವರು ಅದನ್ನು ಗಮನಿಸಲಿಲ್ಲ. ಸೋರಿಕೆ ಪರೀಕ್ಷೆಗೆಂದು ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ ನೋಡಿದ್ದು ಹತ್ತು ಸೆಕೆಂಡುಗಳಷ್ಟು ಹೊತ್ತು. ಆ ಅವಧಿಯಲ್ಲಿ ಆಯಿಲ್ ಹೊರಗೆ ಕಾಣಿಸಲಿಲ್ಲ. ಬೆಳಿಗ್ಗೆ ಹಾರಾಟದಲ್ಲಿ ಮೊದಲು ನಡುವಿನ ಎಂಜಿನ್‌ನ ಆಯಿಲ್ ಒತ್ತಡ ಬಿದ್ದುಹೋಯಿತು, ಅದನ್ನು ನಿಲ್ಲಿಸಿ ಪೈಲಟ್‌ಗಳು ಮಯಾಮಿಗೆ ತಿರುಗಿದರು. ಆಮೇಲೆ ಮೂರಕ್ಕೂ ಆಯಿಲ್ ಇಲ್ಲವೆಂದು ಮುಳ್ಳುಗಳು ತೋರಿಸತೊಡಗಿದಾಗ ಅದು ಮೀಟರಿನ ದೋಷವೇ ಇರಬೇಕೆಂದು ಅವರು ಭಾವಿಸಿದರು, ಏಕೆಂದರೆ ಮೂರೂ ಒಟ್ಟಿಗೆ ಸೋರುವುದು ನಂಬಲಾಗದ ಸಂಗತಿ. ಉಳಿದೆರಡೂ ನಿಂತವು. ವಿಮಾನ ಎಂಜಿನ್ ಇಲ್ಲದೆ ತೇಲುತ್ತ ಸುಮಾರು 4,000 ಅಡಿಗೆ ಇಳಿದಾಗ, ಮೊದಲೇ ನಿಲ್ಲಿಸಿದ್ದರಿಂದ ಅಷ್ಟಿಷ್ಟು ಆಯಿಲ್ ಉಳಿದಿದ್ದ ನಡುವಿನ ಎಂಜಿನ್ ಮತ್ತೆ ಚಾಲೂ ಆಯಿತು. ಎಲ್ಲರೂ ಬದುಕಿ ಬಂದರು.

ಆ ವಿಮಾನಕ್ಕೆ ಆರು ಎಂಜಿನ್‌ಗಳಿದ್ದರೂ ಅದೇ ರಾತ್ರಿ, ಅದೇ ಕೈಗಳು, ಅದೇ ಬಿಡಿಭಾಗವನ್ನು ಆರಕ್ಕೂ ಹಾಕಿರುತ್ತಿದ್ದವು. ಆದ್ದರಿಂದ ಇಟಾಪ್ಸ್ ನಿರ್ವಹಣೆಯ ತಿರುಳಾದ ನಿಯಮವೊಂದಿದೆ: ಒಂದೇ ನಿಲುಗಡೆಯಲ್ಲಿ ಎರಡೂ ಎಂಜಿನ್‌ಗಳ ಒಂದೇ ಬಗೆಯ ಕೆಲಸವನ್ನು ಒಬ್ಬನೇ ತಂತ್ರಜ್ಞ ಮಾಡುವಂತಿಲ್ಲ. ಎಡಗಡೆಯದನ್ನು ಒಬ್ಬ, ಬಲಗಡೆಯದನ್ನು ಇನ್ನೊಬ್ಬ. ಜನ ಸಾಲದಿದ್ದರೆ ಒಂದು ಬದಿಯ ಕೆಲಸ ಇಂದು, ಇನ್ನೊಂದು ಬದಿಯದು ಬೇರೊಂದು ದಿನ. ಅದೂ ಆಗದಿದ್ದರೆ ನೇರ ಮೇಲ್ವಿಚಾರಣೆ ಮತ್ತು ಪ್ರತ್ಯೇಕ ಪರೀಕ್ಷೆ. ಹೊರಗಿನವರಿಗೆ ಇದು ಕಾಗದದ ಕಟ್ಟಳೆಯಂತೆ ಕಾಣಬಹುದು. ಮಳೆಯಲ್ಲಿ, ನಸುಕಿನ ನಾಲ್ಕು ಗಂಟೆಗೆ, ಹೊರಡುವ ಸಮಯ ಹತ್ತಿರವಾಗಿರುವಾಗ ಇಬ್ಬರನ್ನು ಹೊಂದಿಸುವುದು ಎಷ್ಟು ಕಷ್ಟ ಎಂಬುದು ಆ ಕೆಲಸ ಮಾಡಿದವರಿಗೆ ಗೊತ್ತು. ಆದರೂ ಅದನ್ನು ಬಿಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ಎರಡು ಎಂಜಿನ್‌ಗಳ ವಿಮಾನವನ್ನು ಸಾಗರದ ಮೇಲೆ ಹಿಡಿದು ನಿಲ್ಲಿಸಿರುವುದು ರೆಕ್ಕೆಯಷ್ಟೇ ಈ ನಿಯಮವೂ ಹೌದು.

ಇದರ ಜೊತೆಗೆ ಆಯಿಲ್‌ನ ಲೆಕ್ಕ. ಪ್ರತಿ ಹಾರಾಟದ ನಂತರ ಎಷ್ಟು ಆಯಿಲ್ ತುಂಬಿದೆವು, ಎಷ್ಟು ಗಂಟೆ ಹಾರಿದೆ ಎಂಬುದನ್ನು ಬರೆದು, ಗಂಟೆಗೆ ಎಷ್ಟು ಖರ್ಚಾಯಿತೆಂದು ಆ ಎಂಜಿನ್‌ನ ಹಿಂದಿನ ದಾಖಲೆಯೊಂದಿಗೆ ಹೋಲಿಸಿ, ಸರಿಯಿದೆಯೆಂದು ಖಚಿತವಾದ ಮೇಲೆಯೇ ಇಟಾಪ್ಸ್ ದಾರಿಗೆ ಬಿಡುವುದು. ಖರ್ಚು ಮಿತಿಯೊಳಗಿದ್ದರೂ ಮೆಲ್ಲಮೆಲ್ಲನೆ ಏರುತ್ತಿದ್ದರೆ ಅದೇ ಎಚ್ಚರಿಕೆ. ಎಂಜಿನ್ ಕೆಡುವ ಮುಂಚೆ ಸಾಮಾನ್ಯವಾಗಿ ಸುಳಿವು ಕೊಡುತ್ತದೆ, ಅದನ್ನು ಓದುವ ತಾಳ್ಮೆ ಬೇಕು.

ಓದುವುದನ್ನು ಕಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2018ರ ಫೆಬ್ರವರಿ 13ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊನೊಲುಲುಗೆ ಹೋಗುತ್ತಿದ್ದ ಯುನೈಟೆಡ್‌ನ ಹಳೆಯ 777ರ ಬಲ ಎಂಜಿನ್‌ನ ಒಂದು ಟೊಳ್ಳು ಟೈಟೇನಿಯಂ ಫ್ಯಾನ್ ಬ್ಲೇಡ್ ಪೆಸಿಫಿಕ್ ಮೇಲೆ ಮುರಿದು, ಎಂಜಿನ್‌ನ ಹೊರಕವಚ ಕಿತ್ತುಹೋಯಿತು. ವಿಮಾನ ಒಂದೇ ಎಂಜಿನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಬ್ಲೇಡಿನ ಒಳಮೈಯ ಬಿರುಕಿನ ಸೂಚನೆ ಹಿಂದಿನ ತಪಾಸಣೆಯಲ್ಲಿ ಕಂಡಿದ್ದರೂ ಅದನ್ನು ಬಣ್ಣದ ದೋಷವೆಂದು ತಿಳಿದು ಬ್ಲೇಡನ್ನು ಮತ್ತೆ ಸೇವೆಗೆ ಬಿಡಲಾಗಿತ್ತೆಂದೂ, ಆ ತಪಾಸಣೆಗೆ ಕ್ರಮಬದ್ಧ ತರಬೇತಿಯೇ ಇರಲಿಲ್ಲವೆಂದೂ ಅಮೆರಿಕದ ತನಿಖಾ ಮಂಡಳಿ ಕಂಡುಕೊಂಡಿತು. 2021ರ ಫೆಬ್ರವರಿಯಲ್ಲಿ ಡೆನ್ವರ್ ಮೇಲೆ ಅದೇ ಬಗೆಯ ಎಂಜಿನ್‌ನಲ್ಲಿ ಮತ್ತೊಂದು ಬ್ಲೇಡ್ ಮುರಿಯಿತು.

ಎರಡೂ ಎಂಜಿನ್‌ಗಳಿಗೆ ಸಮಾನವಾದದ್ದು ಇನ್ನೊಂದಿದೆ, ಅದು ಇಂಧನ. 2001ರ ಆಗಸ್ಟ್ 24ರಂದು ಟೊರೊಂಟೊದಿಂದ ಲಿಸ್ಬನ್‌ಗೆ ಹೊರಟಿದ್ದ ಏರ್ ಟ್ರಾನ್ಸಾಟ್‌ನ ಏರ್‌ಬಸ್ ಎ330ಕ್ಕೆ ಬಲಗಡೆ ಹೊಸದಾಗಿ ಹಾಕಿದ್ದ ಎಂಜಿನ್‌ನಲ್ಲಿ ಹೊಂದಿಕೆಯಾಗದ ಕೊಳವೆಯಿತ್ತು. ಇಂಧನದ ಕೊಳವೆಗೆ ಅದು ಉಜ್ಜಿ ಸೋರಿಕೆಯಾಯಿತು. ಎಡಗಡೆಯ ಟ್ಯಾಂಕಿನಿಂದ ಬಲಗಡೆಗೆ ದಾರಿ ತೆರೆದುದರಿಂದ ಆ ಇಂಧನವೂ ಸೋರಿತು. ಎರಡೂ ಎಂಜಿನ್ ನಿಂತ ಮೇಲೆ 306 ಜನರಿದ್ದ ವಿಮಾನ ಸುಮಾರು 120 ಕಿಲೋಮೀಟರ್ ತೇಲಿ ಅಝೋರ್ಸ್ ದ್ವೀಪದ ಲಾಜೆಸ್‌ನಲ್ಲಿ ಇಳಿಯಿತು, ಯಾರೂ ಸಾಯಲಿಲ್ಲ. 2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬ್ರಿಟಿಷ್ ಏರ್‌ವೇಸ್‌ನ 777, ಹೀಥ್ರೂ ರನ್‌ವೇಗೆ ತುಸು ಮುಂಚೆಯೇ ಹುಲ್ಲಿನ ಮೇಲೆ ಬಿತ್ತು. ಸೈಬೀರಿಯದ ಚಳಿಯಲ್ಲಿ ಗಂಟೆಗಟ್ಟಲೆ ಹಾರುವಾಗ ಇಂಧನದಲ್ಲಿ ಸಹಜವಾಗಿಯೇ ಇರುವ ಅತ್ಯಲ್ಪ ನೀರು ಕೊಳವೆಗಳ ಒಳಗೋಡೆಗೆ ಮಂಜಾಗಿ ಅಂಟಿಕೊಂಡಿತ್ತು. ಇಳಿಯುವ ಹೊತ್ತಿಗೆ ಎಂಜಿನ್‌ಗಳು ಹೆಚ್ಚು ಇಂಧನ ಕೇಳಿದಾಗ ಅದು ಕಿತ್ತು ಬಂದು, ಇಂಧನವನ್ನು ಆಯಿಲ್‌ನ ಬಿಸಿಯಿಂದ ಕಾಯಿಸುವ ಸಾಧನದ ಬಾಯಿಗೆ ತುಂಬಿಕೊಂಡಿತು. ಕೆಲವೇ ಸೆಕೆಂಡುಗಳ ಅಂತರದಲ್ಲಿ ಎರಡೂ ಎಂಜಿನ್‌ಗಳಲ್ಲಿ. ಒಳಗಿದ್ದ 152 ಜನರೂ ಬದುಕಿದರು. ಎರಡೂ ಎಂಜಿನ್ ಚೆನ್ನಾಗಿಯೇ ಇದ್ದವು, ನಿರ್ವಹಣೆಯಲ್ಲಿ ಲೋಪವಿರಲಿಲ್ಲ, ಯಾರೂ ಊಹಿಸದಿದ್ದ ಭೌತಶಾಸ್ತ್ರ ಕೆಲಸ ಮಾಡಿತ್ತು. ರೋಲ್ಸ್ ರಾಯ್ಸ್ ಆ ಸಾಧನದ ಮುಖವನ್ನು ಬದಲಿಸಿ, ಜಗತ್ತಿನ ಅಂತಹ ಎಲ್ಲ ಎಂಜಿನ್‌ಗಳಿಗೂ ಹೊಸದನ್ನು ಅಳವಡಿಸಬೇಕಾಯಿತು.

ಎಂಜಿನ್ ಒಂದೇ ಇಟಾಪ್ಸ್ ಅಲ್ಲ. ಮೂರು ಗಂಟೆ ನೆಲವಿಲ್ಲದ ಕಡೆ ಹಾರುವಾಗ ಸರಕಿನ ಕೋಣೆಯಲ್ಲಿ ಬೆಂಕಿ ಕಂಡರೆ ಅದನ್ನು ಅಷ್ಟು ಹೊತ್ತೂ, ಅದರ ಮೇಲೆ ಹದಿನೈದು ನಿಮಿಷವೂ ಅಡಗಿಸಿಡುವಷ್ಟು ಅನಿಲ ಸಿಲಿಂಡರ್‌ಗಳಲ್ಲಿರಬೇಕು. ಎಂಜಿನ್ ಜನರೇಟರ್‌ಗಳು ಹೋದರೆ ಬಾಲದಲ್ಲಿರುವ ಸಣ್ಣ ಸಹಾಯಕ ಟರ್ಬೈನ್ ಕೊರೆಯುವ ಚಳಿಯಲ್ಲೂ ಚಾಲೂ ಆಗಬೇಕು. ಅದೂ ಇಲ್ಲದಿದ್ದರೆ ಹೊಟ್ಟೆಯಡಿಯಿಂದ ಹೊರಚಾಚುವ ಗಾಳಿಚಕ್ರ ವಿದ್ಯುತ್ತು ಮತ್ತು ಹೈಡ್ರಾಲಿಕ್ ಒತ್ತಡ ಕೊಡಬೇಕು. ಕ್ಯಾಬಿನ್‌ನ ಗಾಳಿಯ ಒತ್ತಡ ಹೋದರೆ ಉಸಿರಾಡಬಹುದಾದ ಎತ್ತರಕ್ಕೆ ಇಳಿದು ದಟ್ಟ ಗಾಳಿಯಲ್ಲಿ ಹೆಚ್ಚು ಇಂಧನ ಸುಡುತ್ತ ಹಾರಬೇಕಾಗುತ್ತದೆ. ಹೊರಡುವ ಮುನ್ನವೇ ಆ ಇಂಧನವನ್ನೂ ಲೆಕ್ಕಕ್ಕೆ ಸೇರಿಸಿರಬೇಕು.

ನಮ್ಮ ಕಡೆಯ ಉದಾಹರಣೆಯೊಂದನ್ನು ಹೇಳುತ್ತೇನೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ 777-200ಎಲ್‌ಆರ್, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ, ಕಾಕ್‌ಪಿಟ್‌ನಲ್ಲಿ ಮಹಿಳೆಯರೇ ಇದ್ದು, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂದಿತು. ನೇರ ಅಂತರವೇ ಸುಮಾರು 14,000 ಕಿಲೋಮೀಟರ್. ಧ್ರುವದ ದಾರಿಯಲ್ಲಿ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣಾಂಶವನ್ನು ಕಾಯುತ್ತಿರಬೇಕು. ಅನಿವಾರ್ಯವಾಗಿ ಹಿಮಪ್ರದೇಶದ ಸಣ್ಣ ನಿಲ್ದಾಣದಲ್ಲಿ ಇಳಿದರೆ ಇನ್ನೂರು ಮುನ್ನೂರು ಜನರಿಗೆ ಬೆಚ್ಚನೆಯ ಆಸರೆ, ಆಹಾರ, ಹಿಂದಕ್ಕೆ ಕರೆತರುವ ಏರ್ಪಾಡು ಮೊದಲೇ ಗೊತ್ತಾಗಿರಬೇಕು. ಇಲ್ಲಿನ ಹಿರಿಯರು ಮಕ್ಕಳ ಬಳಿಗೆ ಇಂತಹ ನೇರ ವಿಮಾನದಲ್ಲಿ ಹೋಗುವಾಗ, ಟಿಕೆಟ್ಟಿನಲ್ಲಿ ಕಾಣದ ಈ ಏರ್ಪಾಡುಗಳೆಲ್ಲ ಅವರ ಜೊತೆಗೇ ಹೋಗುತ್ತಿರುತ್ತವೆ.

ಅಹಮದಾಬಾದಿನ ದುರಂತದ ಬಗ್ಗೆ ಕೇಳಿದ್ದೀರಿ. 2025ರ ಜೂನ್ 12ರಂದು ಏರ್ ಇಂಡಿಯಾದ ಬೋಯಿಂಗ್ 787 ಟೇಕಾಫ್ ಆದ ಕೂಡಲೇ ಬಿದ್ದು, ಒಳಗಿದ್ದವರೂ ನೆಲದ ಮೇಲಿದ್ದವರೂ ಸೇರಿ 260 ಜನ ತೀರಿಕೊಂಡರು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಾನಕ್ಕೆ ಹೋದವೆಂದು ಪ್ರಾಥಮಿಕ ವರದಿ ಹೇಳಿದೆ. ಆ ವರದಿ ನಿಲ್ಲಿಸಿದ ಜಾಗದಲ್ಲಿಯೇ ನಾನೂ ನಿಲ್ಲಿಸುತ್ತೇನೆ. ಮನೆಯವರನ್ನು ಕಳೆದುಕೊಂಡವರ ಮುಂದೆ ಊಹೆಗಳನ್ನು ಹರಡುವುದು ಈ ವೃತ್ತಿಯವರು ಮಾಡಬಾರದ ಕೆಲಸ. ಒಂದೇ ಕಾರಣ ಎರಡೂ ಎಂಜಿನ್‌ಗಳನ್ನು ತಟ್ಟುವ ಪ್ರಶ್ನೆ ಅಲ್ಲಿಯೂ ಇದೆ ಎಂಬಷ್ಟನ್ನು ಮಾತ್ರ ಗಮನಿಸಿರಿ.

ಉಳಿದ ಬೆಳವಣಿಗೆಗಳನ್ನು ಬೇಗ ಮುಗಿಸುತ್ತೇನೆ. 777ಕ್ಕೆ 330 ನಿಮಿಷಗಳವರೆಗೆ, ಏರ್‌ಬಸ್ ಎ350ಕ್ಕೆ 370 ನಿಮಿಷಗಳವರೆಗೆ ಅನುಮತಿ ಸಿಕ್ಕಿದೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ 15,000 ಕಿಲೋಮೀಟರಿಗೂ ಹೆಚ್ಚು ದೂರವನ್ನು ಎ350 ನಿಲ್ಲದೆ ಹಾರುತ್ತಿದೆ. ನಾಲ್ಕು ಎಂಜಿನ್‌ಗಳ ಎ340 ತಯಾರಿಕೆ 2011ರಲ್ಲಿ ನಿಂತಿತು, ಕೊನೆಯ ಎ380 ಹಸ್ತಾಂತರವಾದದ್ದು 2021ರ ಡಿಸೆಂಬರ್‌ನಲ್ಲಿ, ಕೊನೆಯ 747 2023ರ ಜನವರಿಯಲ್ಲಿ. 777ರ ಮುಂದಿನ ರೂಪವಾದ 777ಎಕ್ಸ್ 2020ರ ಜನವರಿ 25ರಂದು ಮೊದಲು ಹಾರಿತು. ಅದರ ರೆಕ್ಕೆಗಳ ಹರವು ಸುಮಾರು 72 ಮೀಟರ್ ಆದದ್ದರಿಂದ, ನಿಲ್ದಾಣದ ಗೇಟುಗಳಲ್ಲಿ ಹಿಡಿಸಲೆಂದು ತುದಿಗಳನ್ನು ಮೇಲಕ್ಕೆ ಮಡಚುವ ಏರ್ಪಾಡು ಮಾಡಿದ್ದಾರೆ.

ಸಭೆಯ ಕೊನೆಗೆ ಬಂದ ಪ್ರಶ್ನೆ: ನಾಲ್ಕರಿಂದ ಮೂರು, ಮೂರರಿಂದ ಎರಡಾಯಿತು, ಮುಂದೆ ಒಂದೇ ಎಂಜಿನ್‌ನ ದೊಡ್ಡ ವಿಮಾನ ಬರಬಹುದೇ? ಅಮೆರಿಕದ ನಿಯಮಗಳಲ್ಲಿ ನಿಗದಿತ ಸೇವೆಯ ದೊಡ್ಡ ಸಂಸ್ಥೆಗಳು ಒಂದೇ ಎಂಜಿನ್‌ನ ವಿಮಾನ ಓಡಿಸುವುದಕ್ಕೆ ನೇರ ನಿಷೇಧವಿದೆ. ಅದಿಲ್ಲದಿದ್ದರೂ, ಟೇಕಾಫ್‌ನಲ್ಲಿ ಒಂದು ಎಂಜಿನ್ ನಿಂತ ಮೇಲೂ ಏರುತ್ತಿರಬೇಕೆಂಬ ಶೇಕಡಾ 2.4ರ ಷರತ್ತನ್ನು ಪೂರೈಸಲು ಎರಡನೆಯದೊಂದು ಇರಲೇಬೇಕಾಗುತ್ತದೆ. ಎಂಜಿನ್ ಎಷ್ಟೇ ವಿಶ್ವಾಸಾರ್ಹವಾದರೂ ಈ ಕಡೆಯಿಂದ ಎರಡೇ ಕೆಳಮಿತಿ.